ಮುಂಗಡವೆಂಬ ಸಾಲ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ನಮ್ಮ ಹಿರಿಯರು, ಕಟ್ಟಿದ ಮನೆಯನ್ನು ಬಾಡಿಗೆಗೆ ಕೊಟ್ಟು ನೋಡು ಎಂದು ಸೇರಿಸಲಿಲ್ಲ. ಈಗ ಸೇರಿಸಬೇಕಾಗಿದೆ. ನಿವೃತ್ತಿಯ ವೇಳೆಗೆ ಕೈಸೇರಿದ ಭವಿಷ್ಯನಿಧಿಯನ್ನು ಮನೆಯೊಂದಕ್ಕೆ ಹಾಕಿ, ಅದರ ಬಾಡಿಗೆಯಿಂದ ವೃದ್ಧಾಪ್ಯವನ್ನು ಸಾಗಿಸುವ ಆಲೋಚನೆ ನನ್ನ ವಯಸ್ಸಿನ ಅನೇಕರದು. ಕನ್ನಡ ಪಾಠ ಹೇಳಿದವನಿಗೆ ಇದರ ಗೊಡವೆ ಏಕೆಂದು ಶ್ರೋತೃಗಳಿಗೆ ಅನಿಸಬಹುದು. ನಮ್ಮ ಮನೆಯ ಮಹಡಿಯೂ ಬಾಡಿಗೆಗಿದೆ. ಅಲ್ಲದೆ ಕರಾರುಪತ್ರವೂ ಒಂದು ಬಗೆಯ ಗದ್ಯವಲ್ಲವೆ?

ಮೊದಲು ಲೆಕ್ಕ. ಒಂದು ಕೋಟಿ ರೂಪಾಯಿ ಬೆಲೆಯ ಮನೆಗೆ ತಿಂಗಳಿಗೆ 25,000 ರೂಪಾಯಿ ಬಾಡಿಗೆ ಬಂದಿತೆನ್ನೋಣ. ವರ್ಷಕ್ಕೆ ಮೂರು ಲಕ್ಷ, ಎಂದರೆ ನೂರಕ್ಕೆ ಮೂರು. ಅದರಲ್ಲಿಯೂ ಕಂದಾಯ, ಸುಣ್ಣಬಣ್ಣ, ಮನೆ ಖಾಲಿ ಬಿದ್ದ ತಿಂಗಳು ಇವನ್ನೆಲ್ಲ ಕಳೆಯಬೇಕು. ಆದಾಯ ತೆರಿಗೆಯವರು ಮಾತ್ರ ಇಲ್ಲಿ ಕೊಂಚ ಉದಾರಿಗಳು: ಕಂದಾಯ ಕಳೆದು ಉಳಿದ ಬಾಡಿಗೆಯಲ್ಲಿ ನೂರಕ್ಕೆ 30 ಭಾಗವನ್ನು, ದುರಸ್ತಿಗೆ ಖರ್ಚಾಗಲಿ ಬಿಡಲಿ, ಬಿಟ್ಟುಕೊಡುತ್ತಾರೆ. ಸಾಲ ಮಾಡಿ ಮನೆ ಕೊಂಡು ಬಾಡಿಗೆಯಿಂದಲೇ ಕಂತು ತೀರಿಸುವೆವೆನ್ನುವವರು ಬ್ಯಾಂಕಿನ ಬಡ್ಡಿಯ ಪಕ್ಕದಲ್ಲಿ ಈ ಮೂರನ್ನು ಬರೆದು ನೋಡಲಿ.

ಈ ಕೊರತೆಯನ್ನು ಮುಂಗಡದ ಹಣದಿಂದ ತುಂಬಿಕೊಳ್ಳುವ ಆಸೆ ಹುಟ್ಟುವುದು ಸಹಜ. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೇಳುವ ರೂಢಿ ಬಹುಕಾಲದ್ದು. ಕೇಂದ್ರ ಸರ್ಕಾರ 2021ರಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯಿದೆ ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಕೂಡದೆಂದಿತು. ಮಾದರಿಯಾದ್ದರಿಂದ, ರಾಜ್ಯವೊಂದು ಅದನ್ನು ತನ್ನದಾಗಿಸಿಕೊಳ್ಳುವವರೆಗೆ ಅದು ಸಲಹೆಯಷ್ಟೆ. ಎಷ್ಟೇ ಪಡೆಯಲಿ, ನಮ್ಮನ್ನು ದಾರಿತಪ್ಪಿಸಿರುವುದು ‘ಮುಂಗಡ’ವೆಂಬ ಶಬ್ದವೇ. ಮುಂದೆ ಸಲ್ಲಬೇಕಾದುದನ್ನು ಮೊದಲೇ ಸಲ್ಲಿಸಿದರೆ ಅದು ಮುಂಗಡ. ಇದೋ, ಹಿಂದಕ್ಕೆ ಕೊಡಬೇಕಾದ ಹಣ. ಇದನ್ನು ಸಾಲವೆಂದೇ ಕರೆದಿದ್ದರೆ ಮಗಳ ಮದುವೆಗೆಂದು ಇಷ್ಟು ಸಲೀಸಾಗಿ ಯಾರೂ ಅದಕ್ಕೆ ಕೈಹಾಕುತ್ತಿರಲಿಲ್ಲ. ಖರ್ಚು ಮಾಡಿಕೊಂಡ ಮಾಲೀಕರು ಹೊಸಬರು ಬರುವವರೆಗೆ ಹಳಬರ ಹಣ ಕೊಡಲಾರರು. ಹಳಬರಾದರೋ ಆ ಹಣವನ್ನೇ ನಂಬಿ ಬೇರೆಡೆ ಮನೆ ಹಿಡಿದಿರುತ್ತಾರೆ. ಗೋಡೆಯ ಮೊಳೆಗಳನ್ನು ಎಣಿಸುವ ಜಗಳ ಆರಂಭವಾಗುವುದು ಆಗ. 1882ರ ಸ್ವತ್ತು ವರ್ಗಾವಣೆ ಕಾಯಿದೆಯ ಪ್ರಕಾರ, ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ, ಸಹಜ ಬಳಕೆಯಿಂದಾದ ಸವಕಳಿಗೆ ಬಾಡಿಗೆದಾರರು ಹೊಣೆಯಲ್ಲ. ಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆಯನ್ನು ಹಿಡಿದುಕೊಳ್ಳುವ ಉದ್ದೇಶವಿದ್ದರೆ ಅದು ಪತ್ರದಲ್ಲಿ ಮೊದಲೇ ಬರಬೇಕು.

ಹನ್ನೊಂದೇ ತಿಂಗಳ ಕರಾರೇಕೆ ಎಂಬುದು ಎಲ್ಲರ ಪ್ರಶ್ನೆ. 1908ರ ನೋಂದಣಿ ಕಾಯಿದೆಯಂತೆ ಒಂದು ವರ್ಷ ಮೀರಿದ ಗುತ್ತಿಗೆ ನೋಂದಣಿಯಾಗಲೇಬೇಕು. ಆ ಖರ್ಚು, ಆ ಓಡಾಟ ತಪ್ಪಲೆಂದು ಒಂದು ತಿಂಗಳ ಕಡಿತ. ಹನ್ನೆರಡನೆಯ ತಿಂಗಳು ಬಾಡಿಗೆದಾರರನ್ನು ಎಬ್ಬಿಸುವ ಮಂತ್ರವೇನೂ ಅದರಲ್ಲಿಲ್ಲ. ಅವಧಿ ಮುಗಿದಮೇಲೂ ಬಾಡಿಗೆ ಪಡೆಯುತ್ತ ಹೋದರೆ ಸಂಬಂಧ ತಿಂಗಳಿಂದ ತಿಂಗಳಿಗೆ ಮುಂದುವರಿಯುತ್ತದೆ. ಆಮೇಲೆ ಬಿಡಿಸಬೇಕಾದರೆ ಹದಿನೈದು ದಿನಗಳ ನೋಟೀಸು, ಅದಕ್ಕೂ ಮಣಿಯದಿದ್ದರೆ ನ್ಯಾಯಾಲಯ. ಬೀಗ ಜಡಿಯುವುದು, ಪಾತ್ರೆಪಡಗ ಹೊರಗಿಡುವುದು ಸಲ್ಲದು. ಹಾಗೆ ಹೊರಹಾಕಿಸಿಕೊಂಡವರು 1963ರ ನಿರ್ದಿಷ್ಟ ಪರಿಹಾರ ಕಾಯಿದೆಯಂತೆ ಆರು ತಿಂಗಳೊಳಗೆ ದಾವೆ ಹೂಡಿ ಮರಳಿ ಒಳಬರಬಹುದು.

ಇನ್ನು, ಹನ್ನೆರಡು ವರ್ಷ ಇದ್ದವರಿಗೆ ಮನೆಯೇ ಸೇರಿಬಿಡುತ್ತದೆಂಬ ಭಯ. ಬಾಡಿಗೆ ಕೊಡುತ್ತಿರುವವರು ಒಳಬರುವಾಗ ಒಪ್ಪಿದ ಒಡೆತನವನ್ನು ಒಳಗಿದ್ದುಕೊಂಡೇ ಅಲ್ಲಗಳೆಯುವಂತಿಲ್ಲ. ಈ ಭಯಕ್ಕಾಗಿ ಒಳ್ಳೆಯ ಸಂಸಾರಗಳನ್ನು ಮೂರು ವರ್ಷಕ್ಕೊಮ್ಮೆ ಎಬ್ಬಿಸುವವರಿದ್ದಾರೆ. ಮಕ್ಕಳು ಶಾಲೆ ಬದಲಿಸಬೇಕಾಗುತ್ತದೆ. ಭಯಪಡುವವರು ಪ್ರತಿ ತಿಂಗಳೂ ರಶೀದಿ ಬರೆದು ಅದರ ಅಡಿಪ್ರತಿಯನ್ನು ಜೋಪಾನ ಮಾಡಲಿ.

ಬೀಗದ ಕೈ ಕೊಡುವ ದಿನ ಇಬ್ಬರೂ ಮನೆಯನ್ನೊಮ್ಮೆ ಸುತ್ತಿ ಬರುವುದು ಲೇಸು. ಫ್ಯಾನುಗಳೆಷ್ಟು, ಯಾವ ನಲ್ಲಿ ಸೋರುತ್ತದೆ, ವಿದ್ಯುತ್ ಮೀಟರಿನ ಅಂಕಿಯೆಷ್ಟು, ಗೋಡೆಯಲ್ಲಿ ಮೊದಲೇ ಇರುವ ಮೊಳೆಗಳಾವುವು ಎಂದು ಬರೆದು, ಇಬ್ಬರೂ ರುಜು ಹಾಕಿ, ಒಂದೊಂದು ಪ್ರತಿ ಇಟ್ಟುಕೊಳ್ಳಬೇಕು. ಮನೆ ಬಿಟ್ಟ ಎಷ್ಟನೆಯ ದಿನ ಹಣ ಹಿಂದಿರುಗುತ್ತದೆಂಬುದೂ ಅದೇ ಹಾಳೆಯಲ್ಲಿರಲಿ.