ತೂಕ ಇಳಿಸಬೇಕೇ? ಮೊದಲು ಗುರಿ ಸರಿಯಾಗಿರಲಿ

ತೂಕ ಇಳಿಸಬೇಕೆಂದು ನಮ್ಮ ಚಿಕಿತ್ಸಾಲಯಕ್ಕೆ ಬರುವವರಲ್ಲಿ ಹೆಚ್ಚಿನವರು ಒಂದು ಸಂಖ್ಯೆಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಬರುತ್ತಾರೆ. “ಡಾಕ್ಟರ್ ಸಾಬ್, ಮಗಳ ನಿಕಾಹ್‌ಗೆ ಇನ್ನು ಎರಡೇ ತಿಂಗಳು. ಹದಿನೈದು ಕಿಲೋ ಇಳಿಯಬೇಕು” ಎನ್ನುತ್ತಾರೆ. ಈ ಹದಿನೈದು ಎಲ್ಲಿಂದ ಬಂತು ಎಂದು ಕೇಳಿದರೆ ಸರಿಯಾದ ಉತ್ತರ ಇರುವುದಿಲ್ಲ. ತಂಗಿಯ ತೂಕ ಅಷ್ಟು ಕಡಿಮೆ ಇರುತ್ತದೆ, ಇಲ್ಲವೇ ಮೊಬೈಲಿನಲ್ಲಿ ಯಾರೋ ಅಷ್ಟು ಇಳಿಸಿದ್ದನ್ನು ನೋಡಿರುತ್ತಾರೆ. ಎರಡು ವಾರ ರಾತ್ರಿ ಊಟ ಬಿಡುತ್ತಾರೆ. ಮೂರನೇ ವಾರ ತಲೆಸುತ್ತು, ಸಿಟ್ಟು. ನಾಲ್ಕನೇ ವಾರ ಯಾರದೋ ಮದುವೆಯ ಬಿರಿಯಾನಿ. ಇಳಿದಿದ್ದ ಮೂರು ಕಿಲೋ ಮರಳಿ ಬರುತ್ತದೆ, ಜೊತೆಗೆ “ನನ್ನ ಮೈಯೇ ಇಂಥದ್ದು” ಎಂಬ ನಿರಾಶೆಯೂ ಬರುತ್ತದೆ. ಇಂಥವರ ಪ್ರಯತ್ನದಲ್ಲಿ ಕೊರತೆ ಇತ್ತೆಂದು ನಾನು ಹೇಳಲಾರೆ. ಅವರು ಇಟ್ಟುಕೊಂಡ ಗುರಿಯೇ ಈಡೇರುವಂಥದ್ದಾಗಿರಲಿಲ್ಲ.

ಬೊಜ್ಜು ಬೆಂಗಳೂರಿನವರ ಕಾಯಿಲೆ, ಕಳ್ಳಂಬೆಳ್ಳ, ಶಿರಾ, ಮಧುಗಿರಿ ಕಡೆಯ ಹಳ್ಳಿಗಳಿಗೆ ಅದರ ಗೊಡವೆ ಇಲ್ಲ ಎಂದು ಈಗ ಹೇಳುವಂತಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರ ಪೈಕಿ ನೂರರಲ್ಲಿ ಸುಮಾರು 30 ಮಂದಿಯ ತೂಕ ಇರಬೇಕಾದ್ದಕ್ಕಿಂತ ಹೆಚ್ಚು. 2015-16ರ ಸಮೀಕ್ಷೆಯಲ್ಲಿ ಇದು ಸುಮಾರು 23 ಇತ್ತು. ಗಂಡಸರ ಲೆಕ್ಕವೂ ಹೆಚ್ಚುಕಡಿಮೆ ಹೀಗೆಯೇ ಏರಿದೆ. ಕಾರಣ ನಮ್ಮ ಮನೆಗಳಲ್ಲೇ ಕಾಣುತ್ತದೆ. ನಮ್ಮ ಅಜ್ಜಿಯಂದಿರು ಬಾವಿಯಿಂದ ನೀರು ಸೇದಿದರು, ಒರಳಲ್ಲಿ ರುಬ್ಬಿದರು, ಕಡಲೆಕಾಯಿ ಹೊಲಕ್ಕೆ ನಡೆದು ಹೋದರು. ಈಗ ನಲ್ಲಿ ಇದೆ, ಮಿಕ್ಸಿ ಇದೆ. ಮನೆಯಲ್ಲೇ ಬೀಡಿ ಕಟ್ಟುವ, ಅಗರಬತ್ತಿ ಹೊಸೆಯುವ, ಹೊಲಿಗೆ ಮಾಡುವ ಹೆಂಗಸರು ದಿನವಿಡೀ ಕುಳಿತೇ ದುಡಿಯುತ್ತಾರೆ. ಗಂಡಸರಂತೂ ಪಕ್ಕದ ಬೀದಿಯ ಮಸೀದಿಗೂ ಬೈಕ್ ಹತ್ತುತ್ತಾರೆ.

ಯೂನಾನಿ ವೈದ್ಯಶಾಸ್ತ್ರದಲ್ಲಿ ಅತಿ ಬೊಜ್ಜಿಗೆ ಸಿಮನೆ ಮುಫ್ರಿತ್ ಎಂದು ಹೆಸರು. ಬಹಳ ದಪ್ಪಗಿರುವವರಿಗೆ ಹಠಾತ್ ಸಾವಿನ ಅಪಾಯ ತೆಳ್ಳಗಿರುವವರಿಗಿಂತ ಹೆಚ್ಚು ಎಂದು ಎರಡು ಸಾವಿರ ವರ್ಷಗಳಿಗೂ ಹಿಂದೆ ಬುಕ್ರಾತ್, ಅಂದರೆ ಹಿಪೊಕ್ರೇಟಿಸ್, ಗುರುತಿಸಿದ್ದರು. ಇಬ್ನ್ ಸೀನಾ (980-1037) ತಮ್ಮ ‘ಅಲ್ ಖಾನೂನ್’ ಗ್ರಂಥದಲ್ಲಿ ಮೈ ಇಳಿಸುವ ಕ್ರಮವನ್ನು ವಿವರಿಸುತ್ತಾ, ನೋಡಲು ಪ್ರಮಾಣ ಹೆಚ್ಚಿದ್ದು ಪೋಷಣೆ ಕಡಿಮೆ ಇರುವ ಆಹಾರವನ್ನೂ, ಜೊತೆಗೆ ವ್ಯಾಯಾಮವನ್ನೂ ಸೂಚಿಸಿದ್ದಾರೆ. ತಟ್ಟೆಯ ಅರ್ಧ ಭಾಗ ಸೊಪ್ಪು ತರಕಾರಿ ಇರಲಿ ಎಂದು ಇಂದಿನ ಆಹಾರ ತಜ್ಞರು ಹೇಳುವುದರ ಹಿಂದೆಯೂ ಇದೇ ವಿಚಾರ ಇದೆ. ಯೂನಾನಿಯಲ್ಲಿ ಜೀವನಕ್ರಮ ಮತ್ತು ಆಹಾರವನ್ನು ತಿದ್ದುವುದು ಮೊದಲು, ಔಷಧಿ ಆಮೇಲೆ.

ಗುರಿ ಇಡುವ ಮೊದಲು ಈಗ ಎಲ್ಲಿದ್ದೇವೆಂದು ತಿಳಿಯಬೇಕು. ಅದಕ್ಕೆ ತೂಕದ ಯಂತ್ರಕ್ಕಿಂತ ದರ್ಜಿಯ ಟೇಪು ಹೆಚ್ಚು ಉಪಯೋಗಕ್ಕೆ ಬರುತ್ತದೆ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವಿನ ಜಾಗದಲ್ಲಿ, ಉಸಿರು ಬಿಟ್ಟ ಮೇಲೆ, ಬಿಗಿಯದೆ ಅಳೆಯಿರಿ. ಭಾರತೀಯರಲ್ಲಿ ಹೆಂಗಸರಿಗೆ 80 ಸೆಂಟಿಮೀಟರ್, ಗಂಡಸರಿಗೆ 90 ಸೆಂಟಿಮೀಟರ್ ಎಚ್ಚರಿಕೆಯ ಗಡಿ. ನಮ್ಮವರಿಗೆ ಕೈಕಾಲು ಸಣ್ಣಗಿದ್ದರೂ ಹೊಟ್ಟೆಯಲ್ಲಿ ಬೊಜ್ಜು ಸೇರುವ ಸ್ವಭಾವ ಹೆಚ್ಚು. ಸಕ್ಕರೆ ಕಾಯಿಲೆಗೂ ಹೃದಯದ ಕಾಯಿಲೆಗೂ ಹತ್ತಿರದ ದಾರಿ ಅದೇ. ಹಾಗಾಗಿ ತೂಕ ಇಳಿಯದಿದ್ದರೂ ಮೂರು ತಿಂಗಳಲ್ಲಿ ಟೇಪು ಮೂರು ಸೆಂಟಿಮೀಟರ್ ಕಡಿಮೆ ತೋರಿಸಿದರೆ ಅದು ಒಳ್ಳೆಯ ಸುದ್ದಿ.

ಈಗ ಎಷ್ಟು ಇಳಿಸಬೇಕು ಎಂಬ ಪ್ರಶ್ನೆ. ಮೊದಲ ಗುರಿ ಈಗಿನ ತೂಕದ ನೂರರಲ್ಲಿ ಐದು ಭಾಗ ಇದ್ದರೆ ಸಾಕು. 75 ಕಿಲೋ ಇದ್ದವರಿಗೆ ಸುಮಾರು ನಾಲ್ಕು ಕಿಲೋ. “ಇಷ್ಟೇನಾ?” ಎಂದು ಮುಖ ಸಣ್ಣದು ಮಾಡಿಕೊಳ್ಳುವವರಿದ್ದಾರೆ. ಅಮೆರಿಕದಲ್ಲಿ ನಡೆದು 2002ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ, ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದವರಿಗೆ ಕೊಟ್ಟ ಗುರಿ ತೂಕದ ನೂರಕ್ಕೆ ಏಳು ಭಾಗ ಇಳಿಸುವುದು ಮತ್ತು ವಾರಕ್ಕೆ 150 ನಿಮಿಷ ದೈಹಿಕ ಚಟುವಟಿಕೆ ಮಾಡುವುದು, ಅಷ್ಟೆ. ಅವರಲ್ಲಿ ಸಕ್ಕರೆ ಕಾಯಿಲೆ ಬರುವ ಸಂಭವ ಶೇಕಡಾ 58ರಷ್ಟು ಕಡಿಮೆಯಾಯಿತು. ನನಗೆ ಇದಕ್ಕಿಂತ ಹೆಚ್ಚು ಇಷ್ಟವಾದದ್ದು ನಮ್ಮ ಪಕ್ಕದ ಚೆನ್ನೈಯಲ್ಲಿ ನಡೆದು 2006ರಲ್ಲಿ ಹೊರಬಂದ ಅಧ್ಯಯನ. ಅಲ್ಲಿಯೂ ಅಂಥವರಿಗೇ ಆಹಾರ ತಿದ್ದಿಕೊಳ್ಳಲು, ದಿನಾ ಅರ್ಧ ಗಂಟೆ ನಡೆಯಲು ಹೇಳಿದರು. ಅವರ ತೂಕದಲ್ಲಿ ಹೇಳಿಕೊಳ್ಳುವಂಥ ಇಳಿಕೆ ಆಗಲಿಲ್ಲ. ಆದರೂ ಸಕ್ಕರೆ ಕಾಯಿಲೆ ಬರುವ ಸಂಭವ ಶೇಕಡಾ 28ರಷ್ಟು ತಗ್ಗಿತು. ಯಂತ್ರದ ಮುಳ್ಳು ಅಲ್ಲಾಡದಿದ್ದರೂ ನಡಿಗೆ ತನ್ನ ಕೆಲಸ ಮಾಡುತ್ತಿತ್ತು ಎಂದಾಯಿತು.

ಆದ್ದರಿಂದ ಗುರಿಯನ್ನು ಕಿಲೋದಲ್ಲಿ ಮಾತ್ರ ಇಡಬೇಡಿ, ಮಾಡುವ ಕೆಲಸದಲ್ಲಿ ಇಡಿ. ತೂಕ ನಮ್ಮ ಕೈಯಲ್ಲಿಲ್ಲ. ಉಪ್ಪು ಹೆಚ್ಚು ತಿಂದ ಮರುದಿನ, ಮುಟ್ಟಿನ ಹಿಂದಿನ ದಿನಗಳಲ್ಲಿ ಒಂದು ಕಿಲೋ ಏರಿರಬಹುದು. ಚಹಾಕ್ಕೆ ಎಷ್ಟು ಚಮಚ ಸಕ್ಕರೆ ಹಾಕುತ್ತೇವೆ ಎಂಬುದು ಮಾತ್ರ ಪೂರ್ತಿ ನಮ್ಮ ಕೈಯಲ್ಲಿದೆ. “ಕಡಿಮೆ ತಿನ್ನುತ್ತೇನೆ”, “ವಾಕಿಂಗ್ ಶುರು ಮಾಡುತ್ತೇನೆ” ಎಂಬುವು ಗುರಿಗಳಲ್ಲ, ಆಸೆಗಳು. ಯಾವುದು, ಎಷ್ಟು, ಯಾವಾಗ ಎಂಬ ಮೂರಕ್ಕೂ ಉತ್ತರ ಇರಬೇಕು.

ಒಂದು ಲೆಕ್ಕ ನೋಡೋಣ. 75 ಕಿಲೋ ತೂಕದ ಒಬ್ಬ ಸಹೋದರಿ ದಿನಕ್ಕೆ ಐದು ಲೋಟ ಚಹಾ ಕುಡಿಯುತ್ತಾರೆ, ಪ್ರತಿ ಲೋಟಕ್ಕೆ ಎರಡು ಚಿಕ್ಕ ಚಮಚ ಸಕ್ಕರೆ. ಅಂದರೆ ದಿನಕ್ಕೆ ಸುಮಾರು 50 ಗ್ರಾಂ, 200 ಕ್ಯಾಲೊರಿ. ಅವರು ಮೂರು ಲೋಟಕ್ಕೆ ಇಳಿದು, ಒಂದೊಂದೇ ಚಮಚ ಹಾಕಿಕೊಂಡರೆ ದಿನಕ್ಕೆ 140 ಕ್ಯಾಲೊರಿ ಉಳಿಯಿತು. ಐದು ಜನರ ಮನೆಯಲ್ಲಿ ತಿಂಗಳಿಗೆ ಆರು ಲೀಟರ್ ಎಣ್ಣೆ ತರುವುದನ್ನು ಐದಕ್ಕೆ ಇಳಿಸಿದರೆ ಒಬ್ಬೊಬ್ಬರಿಗೆ ದಿನಕ್ಕೆ ಸುಮಾರು 55 ಕ್ಯಾಲೊರಿ. ಅರ್ಧ ಗಂಟೆ ಬಿರುಸಾಗಿ ನಡೆದರೆ ನೂರಕ್ಕೆ ಸ್ವಲ್ಪ ಮೇಲೆ. ಒಟ್ಟು ಮುನ್ನೂರು ಎನ್ನಿ. ಒಂದು ಕಿಲೋ ಬೊಜ್ಜು ಕರಗಲು ಸುಮಾರು 7,700 ಕ್ಯಾಲೊರಿ ಬೇಕು. ಹಾಗಾದರೆ 26 ದಿನಕ್ಕೆ ಒಂದು ಕಿಲೋ, ನಾಲ್ಕು ತಿಂಗಳಲ್ಲಿ ನಾಲ್ಕು ಕಿಲೋ. ಉಪವಾಸ ಬೀಳದೆ, ಬಿರಿಯಾನಿ ಬಿಡದೆ! ಮೈ ಹಗುರವಾದಂತೆ ಇಳಿಕೆಯ ವೇಗ ತಗ್ಗುತ್ತದೆ ಎಂಬುದೂ ಗೊತ್ತಿರಲಿ. ಆಗ ಗಾಬರಿಯಾಗದೆ ಅದೇ ಕ್ರಮವನ್ನು ಮುಂದುವರಿಸಬೇಕು.

ಎಣ್ಣೆಯ ಲೆಕ್ಕ ಅಡುಗೆಮನೆಯಲ್ಲಿ ಚಮಚ ಹಿಡಿದು ಮಾಡಲಾಗುವುದಿಲ್ಲ. ಅಂಗಡಿಯ ಚೀಟಿಯಲ್ಲಿ ಮಾಡಿ. ಒಬ್ಬರಿಗೆ ದಿನಕ್ಕೆ 25 ಗ್ರಾಂ ಎಂದು ಹಿಡಿದರೆ ಐದು ಜನರ ಮನೆಗೆ ತಿಂಗಳಿಗೆ ನಾಲ್ಕು ಲೀಟರ್ ಸಾಕು. ತಿಂಗಳ ಮೊದಲೇ ಅಷ್ಟನ್ನೇ ತಂದಿಟ್ಟರೆ ಕೈ ತಾನಾಗಿ ಹಿಡಿತಕ್ಕೆ ಬರುತ್ತದೆ.

ರಾಗಿಯ ವಿಷಯ ಹೇಳದಿದ್ದರೆ ನಮ್ಮ ಸೀಮೆಯ ಲೇಖನ ಆಗುವುದಿಲ್ಲ. “ಅನ್ನ ಬಿಟ್ಟು ಮುದ್ದೆ ತಿಂತಿದ್ದೀನಿ, ಆದ್ರೂ ಇಳೀತಿಲ್ಲ” ಎನ್ನುವವರು ಬಹಳ. ರಾಗಿ ಒಳ್ಳೆಯ ಧಾನ್ಯ, ನಾರು ಇದೆ, ಸುಣ್ಣದ ಅಂಶ ಇದೆ, ಹೊಟ್ಟೆ ಬೇಗ ಹಸಿಯುವುದಿಲ್ಲ. ಆದರೆ ನೂರು ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 320 ಕ್ಯಾಲೊರಿ ಇದೆ, ಗೋಧಿ ಹಿಟ್ಟಿನಲ್ಲೂ ಅಷ್ಟೇ, ಅಕ್ಕಿಯಲ್ಲಿ ಅದಕ್ಕಿಂತ ತುಸು ಹೆಚ್ಚು. ಹೊಲ ಉಳುತ್ತಿದ್ದ ತಾತನ ಮುದ್ದೆಯ ಗಾತ್ರವನ್ನು ಅಂಗಡಿಯಲ್ಲಿ ಕುಳಿತಿರುವ ಮೊಮ್ಮಗ ತಿಂದರೆ ರಾಗಿ ಏನು ಮಾಡೀತು? ಮುದ್ದೆಯನ್ನು ಮುಕ್ಕಾಲಿಗೆ ಇಳಿಸಿ, ಸೊಪ್ಪಿನ ಸಾರು, ಹುರುಳಿ, ಅವರೆಯನ್ನು ಹೆಚ್ಚಿಸಿ. ಕಡಲೆಕಾಯಿಯೂ ಹೀಗೆಯೇ. ಒಂದು ಹಿಡಿ, ಅಂದರೆ 30 ಗ್ರಾಂ ಬೀಜ, ಸುಮಾರು 170 ಕ್ಯಾಲೊರಿ. ಸುಗ್ಗಿಯ ಕಾಲದಲ್ಲಿ ಮಾತಾಡುತ್ತಾ ಸುಲಿದು ತಿಂದದ್ದು ಎಷ್ಟು ಹಿಡಿ ಎಂದು ಯಾರೂ ಎಣಿಸುವುದಿಲ್ಲ.

ನಡಿಗೆಗೆ ಜಾಗ, ಸಮಯ ಎರಡನ್ನೂ ಗೊತ್ತುಮಾಡಿ. ಹೆದ್ದಾರಿ ಬದಿಯಲ್ಲಿ, ಅದರಲ್ಲೂ ಬೆಳಕು ಹರಿಯುವ ಮುನ್ನ, ನಡೆಯಬೇಡಿ. ಲಾರಿಗಳ ವೇಗ ನಿಮಗೇ ಗೊತ್ತು. ಫಜ್ರ್ ನಮಾಝ್ ಮುಗಿಸಿ ಬೆಳಕಾದ ಮೇಲೆ ನೆರೆಮನೆಯ ಇಬ್ಬರು ಮೂವರು ಹೆಂಗಸರು ಕೂಡಿ ಕೆರೆಯ ಕಡೆಗೋ ಹೊಲದ ದಾರಿಯಲ್ಲೋ ಹೋಗಿಬರಬಹುದು. ಜೊತೆಗಾರ್ತಿ ಕಾಯುತ್ತಿರುತ್ತಾಳೆಂಬ ಒಂದೇ ಕಾರಣಕ್ಕೆ ಎಷ್ಟೋ ದಿನ ಏಳಬೇಕಾಗುತ್ತದೆ. ಹೊರಗೆ ಹೋಗಲಾಗದವರು ಮೂರು ಊಟದ ನಂತರ ಹತ್ತು ಹತ್ತು ನಿಮಿಷ ತಾರಸಿಯ ಮೇಲೋ ಅಂಗಳದಲ್ಲೋ ನಡೆದರೂ ಅರ್ಧ ಗಂಟೆ ಆಯಿತು. ಊಟದ ನಂತರದ ನಡಿಗೆ ರಕ್ತದ ಸಕ್ಕರೆಗೆ ವಿಶೇಷವಾಗಿ ಒಳ್ಳೆಯದು. ಕುಳಿತು ಬೀಡಿ ಕಟ್ಟುವವರು ಪ್ರತಿ ಗಂಟೆಗೊಮ್ಮೆ ಎದ್ದು ಓಡಾಡಲಿ.

ಒಬ್ಬರ ಗುರಿಗೆ ಇಡೀ ಮನೆ ಒಪ್ಪಬೇಕು ಎಂಬುದನ್ನು ಅನೇಕರು ಮರೆಯುತ್ತಾರೆ. ಸೊಸೆ ಎಣ್ಣೆ ಕಡಿಮೆ ಹಾಕಿದರೆ ಸಾಲನ್ ರುಚಿಯಿಲ್ಲವೆಂದು ಅತ್ತೆ, ಗಂಡ ಇಬ್ಬರೂ ಮುಖ ತಿರುಗಿಸಿದರೆ ಆ ಗುರಿ ಒಂದು ವಾರವೂ ಬಾಳುವುದಿಲ್ಲ. ಆಕೆಗೊಬ್ಬಳಿಗೇ ಬೇರೆ ಅಡುಗೆ ಮಾಡಿಕೊಳ್ಳಲು ಹೇಳುವುದು ಅನ್ಯಾಯ. ಉಳಿದದ್ದು ಹಾಳಾಗಬಾರದೆಂದು ಮಕ್ಕಳ ತಟ್ಟೆಯಲ್ಲಿ ಉಳಿದದ್ದನ್ನೂ ತಾಯಿಯೇ ತಿನ್ನುತ್ತಾಳೆ. ತಟ್ಟೆಗೆ ಮೊದಲೇ ಕಡಿಮೆ ಬಡಿಸಿದರೆ ಪೋಲೂ ಇಲ್ಲ, ತಾಯಿಯ ಹೊಟ್ಟೆಗೆ ಹೊರೆಯೂ ಇಲ್ಲ. ದಾವತ್‌ನಲ್ಲಿ “ಇನ್ನೊಂದ್ಸಲ್ಪ ಹಾಕ್ಕೊಳ್ಳಿ ಖಾಲಾ” ಎಂದು ಒತ್ತಾಯಿಸುವ ನಮ್ಮ ಪ್ರೀತಿಯನ್ನೂ ಸ್ವಲ್ಪ ತಗ್ಗಿಸೋಣ. ಹೊಟ್ಟೆಯ ಮೂರನೇ ಒಂದು ಭಾಗವನ್ನಷ್ಟೇ ಆಹಾರಕ್ಕೆ ಬಿಡುವ ಪ್ರವಾದಿ(ಸ)ಯವರ ಬೋಧನೆ ನಮಗೆಲ್ಲ ಗೊತ್ತು, ದಸ್ತರಖಾನ್ ಮುಂದೆ ಮಾತ್ರ ನೆನಪಾಗುವುದಿಲ್ಲ.

ರಮಝಾನಿನಲ್ಲಿ ತೂಕ ಇಳಿಸುವ ಗುರಿ ಇಟ್ಟುಕೊಳ್ಳುವವರೂ ಇದ್ದಾರೆ. ಉಪವಾಸ ಇಬಾದತ್, ಅದನ್ನು ಡಯಟ್ ಮಾಡಬೇಡಿ. ಆ ತಿಂಗಳಲ್ಲಿ ಇಳಿಯುವ ಒಂದೆರಡು ಕಿಲೋ ಸಾಮಾನ್ಯವಾಗಿ ಈದ್ ನಂತರದ ವಾರಗಳಲ್ಲಿ ಮರಳುತ್ತದೆ. ಇಫ್ತಾರ್‌ಗೆ ಸಮೋಸ, ಪಕೋಡ ದಿನಾ ಇದ್ದರೆ ಇಳಿಯುವ ಮಾತೇ ಇಲ್ಲ. ಆ ತಿಂಗಳಿಗೆ “ಕರಿದದ್ದು ವಾರಕ್ಕೆ ಎರಡೇ ದಿನ” ಎಂಬಂಥ ಗುರಿ ಸಾಕು.

ವೈದ್ಯನಾಗಿ ಒಂದು ಮಾತನ್ನು ಕಟುವಾಗಿಯೇ ಹೇಳಬೇಕು. “ಹಕೀಮರ ದೇಸಿ ಪುಡಿ, ಹದಿನೈದು ದಿನದಲ್ಲಿ ಹತ್ತು ಕಿಲೋ” ಎಂದು ಹೆಸರು, ವಿವರ ಇಲ್ಲದ ಡಬ್ಬಿಗಳಲ್ಲಿ ಮಾರುವುದನ್ನು ಕೊಳ್ಳಬೇಡಿ. ಇಂಥ ಪುಡಿಗಳಲ್ಲಿ ಸೋನಾಮುಖಿಯಂಥ ಭೇದಿಯ ಮೂಲಿಕೆ ಇರುವುದುಂಟು. ಭೇದಿಯಾದರೆ ಹೋಗುವುದು ನೀರು ಮತ್ತು ಲವಣ. ಬೊಜ್ಜು ಇದ್ದಲ್ಲೇ ಇರುತ್ತದೆ. ಮುಳ್ಳು ಇಳಿದದ್ದನ್ನು ಕಂಡು ಹಿಗ್ಗುವಷ್ಟರಲ್ಲಿ ಸುಸ್ತು, ಸ್ನಾಯು ಸೆಳೆತ ಶುರುವಾಗುತ್ತದೆ. ಬೊಜ್ಜು ಕರಗಿಸಲು ನೆರವಾಗುವ ಮುಹಝ್ಝಿಲ್ ಔಷಧಿಗಳು ಯೂನಾನಿಯಲ್ಲಿವೆ. ಅವನ್ನು ಪರೀಕ್ಷಿಸಿ, ಮಿಝಾಜ್ ನೋಡಿ, ಆಹಾರ ವ್ಯಾಯಾಮದ ಜೊತೆಗೆ ಕೊಡುತ್ತೇವೆ, ಅವುಗಳ ಬದಲಿಗೆ ಅಲ್ಲ.

ತೂಕ ನೋಡುವುದು ವಾರಕ್ಕೊಮ್ಮೆ ಸಾಕು. ಒಂದೇ ಯಂತ್ರದಲ್ಲಿ, ಬೆಳಿಗ್ಗೆ ಶೌಚಾಲಯಕ್ಕೆ ಹೋಗಿಬಂದು, ಬರಿಹೊಟ್ಟೆಯಲ್ಲಿ. ಗೋಡೆಯ ಕ್ಯಾಲೆಂಡರಿನಲ್ಲಿ ನಡೆದ ದಿನಕ್ಕೊಂದು ಗುರುತು ಹಾಕಿ. ತಿಂಗಳ ಕೊನೆಗೆ 30ರಲ್ಲಿ 20 ಗುರುತು ಇದ್ದರೆ ನೀವು ಸೋತಿಲ್ಲ, ಮುಂದಿನ ತಿಂಗಳು 22 ಇರಲಿ. 8 ಇದ್ದರೆ ಗುರಿ ದೊಡ್ಡದಾಯಿತೆಂದು ತಿಳಿದು ಚಿಕ್ಕದು ಮಾಡಿಕೊಳ್ಳಿ. ಒಮ್ಮೆಗೆ ಎರಡು ಅಭ್ಯಾಸಕ್ಕಿಂತ ಹೆಚ್ಚು ಬದಲಿಸಲು ಹೋಗಬೇಡಿ.

ಕೆಲವರು ಮಾತ್ರ ವೈದ್ಯರನ್ನು ಕಾಣದೆ ಇದನ್ನು ಶುರು ಮಾಡಬಾರದು. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಊಟ ತಗ್ಗಿಸಿ, ಔಷಧಿಯನ್ನು ಹಾಗೆಯೇ ಮುಂದುವರಿಸಿದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ನಡುಕ, ಬೆವರು, ಕಣ್ಣು ಕತ್ತಲೆ ಬಂದರೆ ಕೂಡಲೇ ಸಕ್ಕರೆ ತಿನ್ನಿಸಿ. ಗರ್ಭಿಣಿಯರು, ಹಾಲುಣಿಸುವ ತಾಯಂದಿರು ತಾವಾಗಿ ಊಟ ಕಡಿಮೆ ಮಾಡಬಾರದು. ಮಕ್ಕಳಿಗೆ ಕಿಲೋ ಲೆಕ್ಕದ ಗುರಿ ಬೇಡವೇ ಬೇಡ, ಆಟ ಹೆಚ್ಚಿಸಿ, ಬೇಕರಿ ತಿಂಡಿ ತಗ್ಗಿಸಿ. ಯಾವ ಪ್ರಯತ್ನವೂ ಇಲ್ಲದೆ ಕೆಲವೇ ತಿಂಗಳಲ್ಲಿ ನಾಲ್ಕೈದು ಕಿಲೋ ಇಳಿದಿದ್ದರೆ ಸಂತೋಷಪಡದೆ ಸಕ್ಕರೆ, ಥೈರಾಯ್ಡ್, ಕ್ಷಯ ಪರೀಕ್ಷೆ ಮಾಡಿಸಿ. ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಸಕ್ಕರೆ ಮತ್ತು ಕಫದ ಪರೀಕ್ಷೆಗೆ ಕೇಳಿ.