ಟಿಲ್ಲರಿಗೆ ಕೆಸರಿನ ಗಾಲಿ ಯಾವಾಗ, ರಬ್ಬರಿನ ಗಾಲಿ ಯಾವಾಗ?

ನಾಟಿ ಮುಗಿಯಿತು ಅಂದರೆ ಒಕ್ಕಲು ಮನೆ ಒಂದು ಉಸಿರು ಬಿಟ್ಟ ಹಾಗೆ. ಎತ್ತುಗಳನ್ನು ಹೊಳೆಗಿಳಿಸಿ ಮೈ ತೊಳೆದು, ಹಿಂಡಿ ಇಟ್ಟು ಉಪಚರಿಸುವುದು, ನೇಗಿಲು ನೊಗಗಳನ್ನು ತೊಳೆದು ಎತ್ತಿಡುವುದು ನಮ್ಮ ಹಿರಿಯರ ಪದ್ಧತಿ. ಈಗ ಮಲೆನಾಡು, ಕರಾವಳಿಗಳ ಎಷ್ಟೋ ಗದ್ದೆಗಳಲ್ಲಿ ಎತ್ತಿನ ಕೆಲಸವನ್ನು ಪವರ್ ಟಿಲ್ಲರ್ ಮಾಡುತ್ತಿದೆ. ಬೆಂಗಳೂರಿನಲ್ಲಿ 1967ರಲ್ಲಿ ವಿ.ಎಸ್.ಟಿ. ಕಂಪನಿ ಸ್ಥಾಪನೆಯಾಗಿ, ಜಪಾನಿನ ಮಿತ್ಸುಬಿಷಿ ಕಂಪನಿಯ ಸಹಯೋಗದಲ್ಲಿ ಟಿಲ್ಲರ್ ತಯಾರಿಸತೊಡಗಿದ ಮೇಲೆ ಈ ಯಂತ್ರ ನಮಗೆ ಹೊಸತೂ ಅಲ್ಲ. ಆದರೆ ಎತ್ತಿಗೆ ಮಾಡುತ್ತಿದ್ದ ಉಪಚಾರ ಯಂತ್ರಕ್ಕೆ ನಡೆಯುತ್ತಿದೆಯೇ? ಕೆಸರು ಮೆತ್ತಿದ ಹಾಗೇ ಕೊಟ್ಟಿಗೆಯ ಮೂಲೆಗೆ ತಳ್ಳಿ, ಮುಂದಿನ ರೋಹಿಣಿ ಮಳೆಗೆ ನೆನಪು ಮಾಡಿಕೊಳ್ಳುವವರೇ ಹೆಚ್ಚು. ಕೈ ಕೆಸರಾದರೆ ಬಾಯಿ ಮೊಸರು, ನಿಜ. ಯಂತ್ರ ಕೆಸರಿನಲ್ಲೇ ಕೂತರೆ ಮಾತ್ರ ಬರೀ ತುಕ್ಕು.

ಟಿಲ್ಲರಿಗೆ ವರ್ಷದಲ್ಲಿ ಎರಡು ವೇಷ. ಮಳೆಗಾಲದಲ್ಲಿ ಕಬ್ಬಿಣದ ಕೇಜ್ ಗಾಲಿ ಮತ್ತು ಮಣ್ಣು ಕಲಸುವ ರೋಟರಿ. ಕೊಯ್ಲಿನ ಹೊತ್ತಿಗೆ ರಬ್ಬರ್ ಗಾಲಿ. ಅದರ ಹಿಂದೆ ಟ್ರೈಲರ್, ಇಲ್ಲವೇ ಉದ್ದು ಹೆಸರಿಗೆ ಒಣಗದ್ದೆ ಉಳುವ ರೋಟರಿ, ಬೋದು ಎಳೆಯುವ ರಿಡ್ಜರ್. ಈ ವೇಷ ಬದಲಿಸುವ ದಿನ ಅವಸರ ಮಾಡಿದರೆ ಹಣವೂ ಹೋದೀತು, ಕೈಕಾಲೂ ಹೋದೀತು. ಆದ್ದರಿಂದ ಕ್ರಮವಾಗಿ ನೋಡೋಣ.

ನಾಟಿ ಮುಗಿದ ದಿನವೇ, ಕೆಸರು ಒಣಗುವ ಮುಂಚೆ, ಯಂತ್ರವನ್ನು ತೊಳೆಯಿರಿ. ಎಂಜಿನ್ ಬಿಸಿ ಇರುವಾಗ ತಣ್ಣೀರು ಸುರಿಯಬೇಡಿ; ಗಾಳಿ ಶೋಧಕದ ಬಾಯಿಗೆ ನೀರು ಹೋಗಕೂಡದು. ರೋಟರಿಯ ದಂಡಕ್ಕೆ ಸುತ್ತಿಕೊಂಡ ಹುಲ್ಲನ್ನು ಪೂರ್ತಿ ಬಿಡಿಸಿ. ಈ ಹುಲ್ಲೇ ಎಣ್ಣೆ ತಡೆಯುವ ಸೀಲನ್ನು ಕೊರೆಯುವ ಕಳ್ಳ. ಸೀಲು ಹೋಯಿತೋ ಇಲ್ಲವೋ ತಿಳಿಯುವುದು ಹೇಗೆ ಅಂತೀರಾ? ಗೇರ್ ಪೆಟ್ಟಿಗೆಯ ಎಣ್ಣೆ ತೆಗೆದು ನೋಡಿ. ಹಾಲು ಬೆರೆತ ಚಹದ ಬಣ್ಣ ಬಂದಿದ್ದರೆ ಒಳಗೆ ನೀರು ಸೇರಿದೆ ಎಂದೇ ಅರ್ಥ. ಸೀಲು ಹಾಕಿಸಿ, ಎಣ್ಣೆ ಬದಲಿಸಿ. ಸಣ್ಣ ಸೀಲಿಗೆ ಲೋಭ ಮಾಡಿ ಗೇರು, ಬೇರಿಂಗು ಕಳೆದುಕೊಳ್ಳಬೇಡಿ.

ನಾಟಿಯಿಂದ ಕೊಯ್ಲಿನವರೆಗೆ ಯಂತ್ರಕ್ಕೆ ಕೆಲಸ ಕಡಿಮೆ. ಸುಮ್ಮನೆ ನಿಲ್ಲಿಸುವುದಾದರೆ ಡೀಸೆಲ್ ಟ್ಯಾಂಕನ್ನು ಪೂರ್ತಿ ತುಂಬಿಡಿ. ಅರ್ಧ ಖಾಲಿ ಬಿಟ್ಟರೆ ಮೇಲಿನ ತೇವದ ಗಾಳಿ ತಣ್ಣಗಾಗಿ, ಹನಿಯಾಗಿ ಡೀಸೆಲಿಗೆ ಇಳಿಯುತ್ತದೆ. ಬೆಲ್ಟುಗಳನ್ನು ಸ್ವಲ್ಪ ಸಡಿಲಿಸಿ. ಕೇಜ್ ಗಾಲಿಗೆ, ರೋಟರಿಯ ಕತ್ತಿಗಳಿಗೆ ಹಳೆಯ ಎಂಜಿನ್ ಎಣ್ಣೆ ಸವರಿ. ರಬ್ಬರಿನ ಗಾಲಿಗೆ ಮಾತ್ರ ಎಣ್ಣೆ ತಾಗಿಸಬೇಡಿ, ಬಿಸಿಲಿಗೂ ಒಡ್ಡಬೇಡಿ.

ಇನ್ನು ಗಾಲಿ ಬದಲಿಸುವ ಕೆಲಸ. ಗಟ್ಟಿಯಾದ ಸಮನೆಲ ಹುಡುಕಿ. ಎಂಜಿನ್ ನಿಲ್ಲಿಸಿ, ಮುಂದಿನ ಊರೆಗಾಲು ಇಳಿಸಿ. ಎಂಜಿನ್ನಿನ ಭಾರವೆಲ್ಲ ಮುಂದಕ್ಕಿರುವುದರಿಂದ, ಹಿಂದಿನ ರೋಟರಿ ಕಳಚಿದ ಕೂಡಲೇ ಯಂತ್ರ ಮೂತಿ ಊರಿ ಬೀಳುತ್ತದೆ. ಊರೆಗಾಲು ಇದ್ದರೆ ಆ ಭಯವಿಲ್ಲ. ಗಾಲಿ ನೆಲದ ಮೇಲಿರುವಾಗಲೇ ಬೋಲ್ಟು ಸಡಿಲಿಸಿ, ಆಮೇಲೆ ಎತ್ತಿ. ಕೆಳಗೆ ಮರದ ದಿಮ್ಮಿ ಕೊಡಿ. ಕಲ್ಲು ಜಾರುತ್ತದೆ, ಇಟ್ಟಿಗೆ ಒಡೆಯುತ್ತದೆ. ಒಂದು ಗಾಲಿ ಕೂರಿಸಿಯೇ ಇನ್ನೊಂದಕ್ಕೆ ಕೈ ಹಾಕಿ. ಒಬ್ಬರೇ ಮಾಡುವ ಕೆಲಸ ಇದಲ್ಲ.

ರಬ್ಬರ್ ಗಾಲಿಗೆ ಎಡ, ಬಲ ಎಂಬುದುಂಟು. ಹಿಂದೆ ನಿಂತು ನೋಡಿದರೆ ಅದರ ಮೈಮೇಲಿನ ಗೆರೆಗಳು ಬಾಣದ ಹಾಗೆ ಮೇಲ್ಮೊನೆಯಾಗಿ ಕಾಣಬೇಕು. ಅದಲುಬದಲಾದರೆ ಗಾಲಿ ಮಣ್ಣು ಹಿಡಿಯದೆ ಜಾರುತ್ತದೆ. ಎರಡರಲ್ಲೂ ಗಾಳಿ ಒಂದೇ ಸಮ ಇರಲಿ. ಕೇಜ್ ಗಾಲಿಯನ್ನು ಗದ್ದೆಯ ಹತ್ತಿರವೇ ಜೋಡಿಸಿ. ಅದನ್ನು ಹಾಕಿಕೊಂಡು ಡಾಂಬರು ರಸ್ತೆಯಲ್ಲಿ ಓಡಿಸಿದರೆ ರಸ್ತೆಯೂ ಕೆಟ್ಟಿತು, ಯಂತ್ರದ ಒಂದೊಂದು ಬೋಲ್ಟೂ ಸಡಿಲವಾಯಿತು.

ರೋಟರಿಯ ಕತ್ತಿಗಳಿಗೂ ಎಡ ಬಲ ಉಂಟು. ತಿರುಗುವಾಗ ಹರಿತದ ಅಂಚು ಮೊದಲು ನೆಲಕ್ಕೆ ತಾಗಬೇಕು. ಬೆನ್ನು ತಾಗಿದರೆ ಯಂತ್ರ ಕುಪ್ಪಳಿಸುತ್ತದೆ, ಡೀಸೆಲ್ ಉರಿಯುತ್ತದೆ, ಉಳುಮೆ ಆಗುವುದಿಲ್ಲ. ಹೊಸ ಕತ್ತಿಯೊಂದನ್ನು ಪಕ್ಕಕ್ಕಿಟ್ಟು ಹಳೆಯದರ ಸವೆತ ಅಳೆಯಿರಿ. ಹಾಕಿದ ಮೇಲೆ ಒಂದು ಗಂಟೆ ಕೆಲಸ ಮಾಡಿ, ಯಂತ್ರ ನಿಲ್ಲಿಸಿ, ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿ ಮಾಡಿ.

ಈಗ ಬಹು ಮುಖ್ಯವಾದ ಮಾತು, ಟ್ರೈಲರ್ ಕಟ್ಟುವವರು ಕಿವಿಗೊಟ್ಟು ಕೇಳಬೇಕಾದದ್ದು. ಸಮನೆಲದಲ್ಲಿ ಎಡಗೈಯ ಕ್ಲಚ್ ಹಿಡಿದರೆ ಟಿಲ್ಲರ್ ಎಡಕ್ಕೆ ತಿರುಗುತ್ತದೆ. ಯಾಕೆ? ಎಡಗಾಲಿಗೆ ಎಂಜಿನ್ನಿನ ಬಲ ತಪ್ಪಿ ಅದು ಹಿಂದುಳಿಯುತ್ತದೆ, ಬಲಗಾಲಿ ಮುಂದೆ ನೂಕುತ್ತದೆ. ಆದರೆ ಇಳಿಜಾರಿನಲ್ಲಿ? ಅಲ್ಲಿ ಎಂಜಿನ್ ಗಾಲಿಗಳನ್ನು ನೂಕುತ್ತಿಲ್ಲ, ಹಿಡಿದು ನಿಲ್ಲಿಸುತ್ತಿದೆ. ಎಡ ಕ್ಲಚ್ ಹಿಡಿದ ಕೂಡಲೇ ಎಡಗಾಲಿಯ ಆ ಹಿಡಿತ ತಪ್ಪಿ, ಅದು ಮುಂದಕ್ಕೆ ಉರುಳುತ್ತದೆ; ಯಂತ್ರ ಬಲಕ್ಕೆ ತಿರುಗುತ್ತದೆ! ಎಡಕ್ಕೆ ತಿರುಗಲಿ ಎಂದು ಹಿಡಿದವನು ಬಲಗಡೆಯ ಹಳ್ಳಕ್ಕೆ ಬಿದ್ದಾನು. ಹಿಂದೆ ಟ್ರೈಲರಿನಲ್ಲಿ ಹುಲ್ಲೋ, ಗೊಬ್ಬರವೋ ಹೇರಿದ್ದರೆ ನೂಕು ಮತ್ತೂ ಜೋರು. ಮಲೆನಾಡಿನ ದಿಬ್ಬದ ದಾರಿಯಲ್ಲಿ ಇದು ಪ್ರಾಣಕ್ಕೇ ಸಂಚಕಾರ.

ಹಾಗಾದರೆ ಇಳಿಯುವುದು ಹೇಗೆ? ಇಳಿಜಾರು ಶುರುವಾಗುವ ಮೊದಲೇ ಸಣ್ಣ ಗೇರಿಗೆ ಹಾಕಿ. ನಡುವೆ ಗೇರು ಬದಲಿಸಬೇಡಿ, ನ್ಯೂಟ್ರಲ್ ಅಂತೂ ಕೂಡದೇ ಕೂಡದು. ಕೈ ಕ್ಲಚ್ ಮುಟ್ಟದೆ, ಹಿಡಿಕೆಯನ್ನೇ ಬಲವಾಗಿ ತಿರುವಿ ದಾರಿ ಹಿಡಿಸಿ. ಟ್ರೈಲರಿನ ಕಾಲ್ಬ್ರೇಕನ್ನು ಹೊರಡುವ ಮುಂಚೆಯೇ ಪರೀಕ್ಷಿಸಿ. ಕೊಂಡಿಯ ಪಿನ್ನಿಗೆ ಬೀಗದ ಕಡ್ಡಿ ಹಾಕಿ. ತಂತಿ ಸುತ್ತಿ ಸಾಕೆನ್ನಬೇಡಿ. ಟ್ರೈಲರಿನ ಮೇಲೆ ಮಕ್ಕಳನ್ನು ಕೂರಿಸುವುದು ಬೇಡ.

ಬಾಡಿಗೆಗೆ ತರುವ ಯಂತ್ರಕ್ಕೂ ಇದೇ ಮಾತು. ಎಲ್ಲಿಂದ ತಂದದ್ದಾದರೂ ನಿಮ್ಮ ಗದ್ದೆಗೆ ಇಳಿಯುವ ಮೊದಲು ಗಾಲಿ, ಕತ್ತಿ, ಪಿನ್ನು, ಬ್ರೇಕು ಈ ನಾಲ್ಕನ್ನು ನೀವೇ ನೋಡಿಕೊಳ್ಳಿ.

ಮನೆಯ ಹೆಣ್ಣುಮಕ್ಕಳಿಗೂ ಒಂದು ವಿಜ್ಞಾಪನೆ. ತಿರುಗುವ ರೋಟರಿಯ ಹತ್ತಿರ, ಬೆಲ್ಟಿನ ಹತ್ತಿರ ಸೆರಗು ಹೋಗದಿರಲಿ. ಹುಲ್ಲು ಸಿಕ್ಕಿಕೊಂಡಿತು ಅಂತ ಯಾರಾದರೂ ಎಂಜಿನ್ ನಿಲ್ಲಿಸದೆ ಕಾಲಲ್ಲಿ ಒದೆಯಹೊರಟರೆ ಗದರಿ ತಡೆಯಿರಿ. ಹಿಂದಕ್ಕೆ ನಡೆಸುವ ಮುನ್ನ ರೋಟರಿ ನಿಂತಿರಲೇಬೇಕು. ಹ್ಯಾಂಡಲ್ ತಿರುವಿ ಚಾಲೂ ಮಾಡುವಾಗ ಹೆಬ್ಬೆರಳು ಉಳಿದ ಬೆರಳುಗಳ ಪಕ್ಕದಲ್ಲೇ ಇರಲಿ. ಹ್ಯಾಂಡಲ್ ಹಿಂದಕ್ಕೆ ಒದ್ದರೆ ಮಣಿಕಟ್ಟು ಉಳಿದೀತು. ಬಾಗಿಲು ಮುಚ್ಚಿದ ಕೊಟ್ಟಿಗೆಯಲ್ಲಿ ಎಂಜಿನ್ ಓಡಿಸಬೇಡಿ, ಆ ಹೊಗೆ ವಿಷ.

ರೋಹಿಣಿ ಮಳೆ ಬಿದ್ದ ಮೇಲೆ ಬೋಲ್ಟು ಹುಡುಕುವುದು ಯುದ್ಧಕಾಲದಲ್ಲಿ ಶಸ್ತ್ರಾಭ್ಯಾಸ ಮಾಡಿದ ಹಾಗೆ. ಊರಿಗೆಲ್ಲ ಒಂದೇ ಹದ ಬರುವುದರಿಂದ ಆಗ ಮೆಕ್ಯಾನಿಕ್ಕನೂ ಸಿಗುವುದಿಲ್ಲ. ಕಳಚಿದ ನಟ್ಟು, ಬೋಲ್ಟು, ಪಿನ್ನುಗಳನ್ನು ಒಂದು ಡಬ್ಬಿಯಲ್ಲಿ ಎಣ್ಣೆ ಹಾಕಿಟ್ಟು, ಆ ಡಬ್ಬಿಯನ್ನು ಕೇಜ್ ಗಾಲಿಗೇ ಕಟ್ಟಿಡಿ. ಮೇ ತಿಂಗಳ ಮೊದಲ ವಾರದಲ್ಲೇ ತೆಗೆದು ನೋಡಿ. ಕೊರತೆ ಇದ್ದರೆ ತರಿಸಲು ಸಮಯವಿರುತ್ತದೆ. ಹದ ತಪ್ಪಿದ ಒಂದು ವಾರ ಬೆಳೆಯಲ್ಲಿ ಎಷ್ಟು ಕಡಿಮೆ ಮಾಡುತ್ತದೆಂಬುದು ನಿಮಗೆ ಹೇಳಬೇಕಾದ್ದೇನಲ್ಲ.