ನೂರು ಎಲೆಯ ಲೆಕ್ಕ

ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಬೆಳಗಿನ ಜಾವ ಕೃಷ್ಣರಾಜ ಮಾರುಕಟ್ಟೆಗೆ ಹೋದವರು ಒಂದು ಕಟ್ಟು ವೀಳ್ಯದೆಲೆಯ ಬೆಲೆ ಕೇಳಿ ಹುಬ್ಬೇರಿಸುವುದುಂಟು. ಬಸವನಗುಡಿ, ಚಾಮರಾಜಪೇಟೆಯ ಗೃಹಿಣಿಯರು ಚೌಕಾಸಿ ಮಾಡುತ್ತಾರೆ. ‘ಮಾಲೇ ಬಂದಿಲ್ಲ, ತಾಯಿ’ ಎನ್ನುತ್ತಾನೆ ವ್ಯಾಪಾರಿ. ಕೆಲವೇ ವಾರಗಳ ಹಿಂದೆ, ಆಷಾಢದಲ್ಲಿ, ಇದೇ ಎಲೆಯನ್ನು ಕೇಳುವವರೇ ಕಡಿಮೆ. ಹೀಗೇಕೆ? ಏರಿದ ಬೆಲೆಯಲ್ಲಿ ಬೆಳೆದವನ ಕೈಗೆ ಬರುವುದೆಷ್ಟು?

1928ರಲ್ಲಿ ಆರಂಭವಾದ, ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರು ಹೊತ್ತ ಈ ಮಾರುಕಟ್ಟೆ ವಿದ್ಯಾರ್ಥಿಗಳಿಗೆ ಅರ್ಥಶಾಸ್ತ್ರದ ಒಳ್ಳೆಯ ಪಾಠಶಾಲೆ. ಆಷಾಢದಲ್ಲಿ ಮದುವೆ, ಗೃಹಪ್ರವೇಶಗಳಿಲ್ಲ, ಬೇಡಿಕೆ ಇಳಿಯುತ್ತದೆ. ಮಳೆಗೆ ಬಳ್ಳಿ ಸೊಂಪಾಗಿ ಚಿಗುರುವುದೂ ಆಗಲೇ. ಚಳಿಗಾಲದಲ್ಲಿ ಇದು ತಿರುಗುಮುರುಗು: ಚಿಗುರು ನಿಧಾನ, ಎಲೆ ಕಡಿಮೆ. ಬೆಲೆ ಬಿದ್ದಾಗ ಕೂಡಿಟ್ಟು ಆಮೇಲೆ ಮಾರೋಣವೆಂದರೆ ಎಲೆ ರಾಗಿಯಲ್ಲ. ಕೆಲವೇ ದಿನಗಳಲ್ಲಿ ಬಾಡುತ್ತದೆ, ಕೊಳೆಯುತ್ತದೆ.

ಬಳ್ಳಿಯ ಬೇಡಿಕೆಗಳು

ವೀಳ್ಯದೆಲೆ ಕರಿಮೆಣಸಿನ ಕುಲಕ್ಕೆ ಸೇರಿದ ಬಳ್ಳಿ. ಅಗಸೆ, ನುಗ್ಗೆ, ಹಾಲುವಾಣದಂತಹ ಮರಗಳಿಗೆ ಹಬ್ಬಿಸುತ್ತಾರೆ. ಅದಕ್ಕೆ ನೆರಳು ಬೇಕು, ಬಿಸಿಲೂ ಬೇಕು. ತೇವ ಸದಾ ಇರಬೇಕು, ನೀರು ನಿಲ್ಲಬಾರದು. ನೀರು ನಿಂತರೆ ಬುಡ ಕೊಳೆಯುವ ರೋಗ ಬಂದು ನೋಡನೋಡುತ್ತ ತೋಟವೇ ಒಣಗಬಹುದು. ಕೊಳವೆಬಾವಿ ಬತ್ತಿದರೂ ಅದೇ ಗತಿ. ಇಷ್ಟಾದರೂ ಸಣ್ಣ ರೈತ ಇದನ್ನು ಬಿಡುವುದಿಲ್ಲ. ರಾಗಿ ವರ್ಷಕ್ಕೊಮ್ಮೆ ಕೈಗೆ ಬಂದರೆ, ನೆಲೆಗೊಂಡ ಎಲೆತೋಟ ಕೆಲವು ವಾರಗಳಿಗೊಮ್ಮೆ ಕಾಸು ತರುತ್ತದೆ. ಮಕ್ಕಳ ಶಾಲೆಯ ಶುಲ್ಕ, ಬಸ್ ಪಾಸು, ಔಷಧ, ಎಲ್ಲಕ್ಕೂ ಅದೇ ಆಧಾರ.

ಒಂದು ಲೆಕ್ಕ ಮಾಡಿ

ಇಲ್ಲಿಯ ಅಂಕಿಗಳು ಅಭ್ಯಾಸಕ್ಕಾಗಿ ಊಹಿಸಿಕೊಂಡವು. ಹತ್ತು ಗುಂಟೆಯ ತೋಟದಿಂದ ತಿಂಗಳಿಗೆ 400 ಕಟ್ಟು ಎಲೆ ಸಿಕ್ಕಿತು ಎನ್ನೋಣ. ಕಟ್ಟಿಗೆ ನೂರು ಎಲೆ. ಕಟ್ಟಿಗೆ 40 ರೂಪಾಯಿಯಂತೆ ಹುಟ್ಟುವಳಿ 16,000. ಕೀಳುವ, ಕಟ್ಟುವ ಕೂಲಿ 3,200, ಗೊಬ್ಬರ, ನೀರು, ಔಷಧಕ್ಕೆ 4,000, ಸಾಗಣೆ 800, ಮಂಡಿಯ ಕಮಿಷನ್ ನೂರಕ್ಕೆ ಹತ್ತರಂತೆ 1,600. ಉಳಿದದ್ದು 6,400.

ಈಗ ಬೆಲೆ ಅರ್ಧಕ್ಕೆ, 20 ರೂಪಾಯಿಗೆ, ಇಳಿಯಿತು ಎನ್ನಿ. ಆದಾಯವೂ ಅರ್ಧವಾಯಿತೆ? ಇಲ್ಲ. ಹುಟ್ಟುವಳಿ 8,000, ಕಮಿಷನ್ 800ಕ್ಕೆ ಇಳಿದರೂ ಉಳಿದ ಖರ್ಚು ಇಳಿಯುವುದಿಲ್ಲ. ಒಟ್ಟು ಖರ್ಚು 8,800. ಅಂದರೆ 800 ರೂಪಾಯಿ ನಷ್ಟ! ಬೆಲೆ 60ಕ್ಕೆ ಏರಿದರೆ 13,600 ಉಳಿಯುತ್ತದೆ.

ಹಾಗಾದರೆ ಆಷಾಢದ ನಷ್ಟದಲ್ಲಿ ಸಣ್ಣ ರೈತ ಬದುಕುವುದು ಹೇಗೆ? ಕೂಲಿಯವರನ್ನು ಕರೆಯದೆ ಗಂಡ, ಹೆಂಡತಿ, ಮುದುಕರು ಸೇರಿ ಎಲೆ ಕೀಳುತ್ತಾರೆ. ಆಗ 2,400 ರೂಪಾಯಿ ಉಳಿಯುತ್ತದೆ. ಅವರು ಅದನ್ನು ಲಾಭವೆಂದುಕೊಳ್ಳುತ್ತಾರೆ. ಆದರೆ ಅವರು ದುಡಿದದ್ದು 3,200ರ ಕೆಲಸ! ತಮ್ಮ ಬೆವರಿಗೆ ಬೆಲೆ ಕಟ್ಟದಿರುವುದೇ ತೋಟವನ್ನು ಉಳಿಸಿದೆ. ಆ ಮನೆಯ ಮಗ ಓದಿ ನಗರದ ಸಂಬಳಕ್ಕೆ ಹೊರಟರೆ ಅವನನ್ನು ದೂರುವುದು ಹೇಗೆ?

ಮುಂದೇನು?

ಎಲೆ ಮೆಲ್ಲುವ ಅಭ್ಯಾಸ ಹೊಸ ತಲೆಮಾರಿನಲ್ಲಿ ಕಡಿಮೆಯಾಗಿದೆ. ತಂಬಾಕು, ಅಡಿಕೆಗಳಿಂದ ಬಾಯಿಯ ಕ್ಯಾನ್ಸರ್ ಬರುವ ಅಪಾಯವಿರುವುದರಿಂದ ಅದು ಒಳ್ಳೆಯದೇ. ಪೂಜೆ, ತಾಂಬೂಲ, ಮದುವೆಗಳು ಬೇಡಿಕೆಯನ್ನು ಹಿಡಿದಿಟ್ಟಿವೆ. ಆದರೆ 2020ರ ಕೊರೊನಾ ಕಾಲದಲ್ಲಿ ದೇವಸ್ಥಾನ, ಛತ್ರಗಳ ಜೊತೆ ಈ ಮಾರುಕಟ್ಟೆಯೂ ಮುಚ್ಚಿದಾಗ ಆ ಆಸರೆಯೂ ಎಷ್ಟು ದುರ್ಬಲ ಎಂಬುದು ತಿಳಿಯಿತು. ಮೈಸೂರು ವೀಳ್ಯದೆಲೆಗೆ ಭೌಗೋಳಿಕ ಸೂಚಕದ ಮನ್ನಣೆ ಇದೆ. ಆದರೂ ನಗರ ಹಬ್ಬಿದಂತೆ ಅಲ್ಲಿನ ತೋಟಗಳು ಕುಗ್ಗಿವೆ. ಹೆಸರು ಬಂದ ಮಾತ್ರಕ್ಕೆ ನೆಲ ಉಳಿಯುವುದಿಲ್ಲ.

ಮುಂದಿನ ಸಲ ಮಕ್ಕಳನ್ನು ಕರೆದುಕೊಂಡು ಮೆಟ್ರೊದಲ್ಲೇ ಮಾರುಕಟ್ಟೆಗೆ ಹೋಗಿ. ಕಟ್ಟಿನ ಬೆಲೆ ಕೇಳಿ, ಎಲೆ ಯಾವ ಊರಿನದೆಂದು ವಿಚಾರಿಸಿ, ಮೇಲಿನ ಲೆಕ್ಕವನ್ನು ಅಂದಿನ ಬೆಲೆಗೆ ಮತ್ತೆ ಮಾಡಿಸಿ. ಅಷ್ಟಾದ ಮೇಲೂ ಐದು ರೂಪಾಯಿಗೆ ಚೌಕಾಸಿ ಮಾಡಬೇಕೆನಿಸಿದರೆ ಮಾಡಿ.